ಸುರಿದ ನೀರು, ಇಳಿದ ನೀರು

ಕ್ಯಾಸನೂರು
20 ಜುಲೈ 1997

ಪ್ರಮೀಳಾ,

ನೀನು ಹೇಳಿದ ತೆಂಗಿನ ನಾರಿನ ಪುಡಿ ಮೊನ್ನೆ ಬಂದು ಇಳಿಯಿತು. ಲೋಕಪ್ಪ ಒಂದು ಚೀಲದ ಬಾಯಿ ಬಿಚ್ಚಿ, ಹಿಡಿಯಷ್ಟು ತೆಗೆದು ಮೂಸಿ ನೋಡಿ, “ಯತೀಶಣ್ಣ, ಇದ್ರಲ್ಲಿ ಗಿಡ ಬೆಳೀತದೆ ಅಂತ ನಿಂಗೆ ಹೇಳಿದ್ದು ಯಾರು ಮಾರಾಯ?” ಎಂದು ಕೇಳಿದ. ನನ್ನ ಹೆಂಡತಿ ಎಂದೆ. ತಕ್ಷಣ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿದ. ನರ್ಸರಿಗೆ ಕೆಲಸಕ್ಕೆ ಬಂದು ಇಷ್ಟು ವರ್ಷವಾದರೂ ನಿನ್ನನ್ನು ಕಂಡರೆ ಅವನಿಗೆ ಅಂಜಿಕೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಕೊಟ್ಟ ಮಾತು ಮರೆತಿಲ್ಲ. ಈ ಸಲ ಅರ್ಧದಷ್ಟು ಆಂಥೂರಿಯಂ ಕುಂಡಗಳಿಗೆ ಕಾಡಿನ ದರಗು ಹಾಕುವುದಿಲ್ಲ. ನಾರಿನ ಪುಡಿಯಲ್ಲೇ ನೆಡುತ್ತೇನೆ. ಉಳಿದ ಅರ್ಧಕ್ಕೆ ಹೋದ ವರ್ಷ ತಂದು ಒಟ್ಟಿದ ದರಗು ಇದೆ, ಈಗ ಚೆನ್ನಾಗಿ ಕೊಳೆತು ಕಪ್ಪಗಾಗಿದೆ. ಅದನ್ನು ನೋಡಿದರೆ ನನಗೆ ಈಗಲೂ ಕೈ ಹಾಕಬೇಕು ಅನ್ನಿಸುತ್ತದೆ.

ಒಂದು ಮಾತು ಕೇಳಲೇ? ಒಣಗಿದ ಎಲೆ ಗುಡಿಸಿ ತರಲು ಹೋಗಿ, ಅದರಲ್ಲಿದ್ದ ಉಣುಗು ಕಚ್ಚಿದ್ದಕ್ಕೇ ನನಗೆ ಮಂಗನ ಕಾಯಿಲೆ ಬಂತು ಎಂದು ನೀನು ಹೇಳುತ್ತೀಯ. ಇರಬಹುದು. ಆದರೆ ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಅಂದಿದ್ದರು, ನೀನೂ ಅಲ್ಲೇ ಇದ್ದೆ. ಹಾಗಿದ್ದ ಮೇಲೆ ಇನ್ನು ಮುಂದೆ ನಾನೊಬ್ಬನೇ ಹೋಗಿ ತಂದರೆ ಏನು ತೊಂದರೆ? ಜಗಳಕ್ಕೆ ಕೇಳುತ್ತಿಲ್ಲ.

ಕಾಲಿನ ಬಾವು ಇಳಿಯಿತೇ? ತವರಿನಲ್ಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ಹೊಟ್ಟೆಯಲ್ಲಿರುವ ಕೂಸಿಗೂ ಬೇಕು.

ನಿನ್ನ
ಯತೀಶ

*

ಶಿರಾಳಕೊಪ್ಪ
2 ಆಗಸ್ಟ್ 1997

ನಮ್ಮ ಮನೆಯವರಿಗೆ ಪ್ರಮೀಳಾಳ ನಮಸ್ಕಾರ.

ಕಾಲಿನ ಬಾವು ಕಡಿಮೆಯಾಗಿದೆ. ಅವ್ವ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿಲ್ಲ. ಹೊತ್ತು ಹೋಗದೆ ದಿನಾ ಸಂಜೆ ಗಂಗಾಶ್ರೀ ಮನೆಗೆ ಹೋಗುತ್ತೇನೆ. ನಮ್ಮ ಮದುವೆಗೆ ಬಂದಿದ್ದಳಲ್ಲ, ನನ್ನ ಜೊತೆ ಕಾಲೇಜಿನಲ್ಲಿ ಓದಿದವಳು. ಅವಳ ಗಂಡನ ಮನೆಯವರದು ಗೊಬ್ಬರದ ಅಂಗಡಿ. ಹಿತ್ತಲಲ್ಲಿ ಅವಳದೂ ಒಂದು ಚಪ್ಪರ ಆಂಥೂರಿಯಂ ಇದೆ, ಎಲ್ಲ ನಾರಿನ ಪುಡಿಯಲ್ಲೇ. ನಾನು ನಿಮಗೆ ಹೇಳಿದ್ದೆಲ್ಲ ಅವಳಿಂದ ಕಲಿತದ್ದು.

ಬಂದ ಪುಡಿಯನ್ನು ಹಾಗೇ ಕುಂಡಕ್ಕೆ ತುಂಬಬೇಡಿ. ತೆಂಗಿನ ಮಟ್ಟೆಯನ್ನು ಸಮುದ್ರದ ಕಡೆ ಉಪ್ಪುನೀರಿನಲ್ಲಿ ನೆನೆಹಾಕಿರುತ್ತಾರೆ, ಆ ಉಪ್ಪು ಪುಡಿಯಲ್ಲಿ ಉಳಿದಿರುತ್ತದೆ. ತೊಟ್ಟಿಯಲ್ಲಿ ಹಾಕಿ ಮೇಲೆ ನೀರು ಬಿಟ್ಟು, ಕೆಳಗೆ ಇಳಿದ ನೀರನ್ನು ಅಳೆಯಬೇಕು. ಅಳೆಯುವ ಮೀಟರನ್ನು ಸೊರಬದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದ್ದೇನೆ. ಅದು ಗಂಗಾಶ್ರೀಯದು, ಅವಳ ಹತ್ತಿರ ಇನ್ನೊಂದಿದೆ. ಪೆನ್ನಿನ ಹಾಗಿದೆ, ತುದಿಯನ್ನು ನೀರಿನಲ್ಲಿ ಅದ್ದಿದರೆ ಎಷ್ಟು ಉಪ್ಪು ಕರಗಿದೆ ಎಂಬುದಕ್ಕೆ ಒಂದು ಅಂಕಿ ತೋರಿಸುತ್ತದೆ. ನಾವು ಹಾಕುವ ಗೊಬ್ಬರವೂ ಮೀಟರಿಗೆ ಉಪ್ಪೇ. ಅದ್ದುವ ಮೊದಲೂ ಆಮೇಲೂ ಬ್ಯಾಟರಿಗೆ ಹಾಕುವ ನೀರಿನಲ್ಲಿ ತುದಿ ತೊಳೆಯಿರಿ.

ಮೊದಲು ನಮ್ಮ ಬಾವಿ ನೀರು ಎಷ್ಟು ತೋರಿಸುತ್ತದೆ ನೋಡಿ. ಪುಡಿಯಿಂದ ಇಳಿಯುವ ನೀರು ಅದರ ಹತ್ತಿರಕ್ಕೆ ಬರುವವರೆಗೂ ತೊಳೆಯಬೇಕು. ಆಮೇಲೆ ಒಂದು ರಾತ್ರಿ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ನೆನೆಹಾಕಿ ಮತ್ತೊಮ್ಮೆ ತೊಳೆಯಬೇಕು. ಇಲ್ಲದಿದ್ದರೆ ಗಿಡಕ್ಕೆ ಕೊಟ್ಟ ಕ್ಯಾಲ್ಸಿಯಮ್ಮನ್ನು ಪುಡಿಯೇ ಹಿಡಿದಿಟ್ಟುಕೊಳ್ಳುತ್ತದಂತೆ. ನೆಟ್ಟ ಮೇಲೆ ಗೊಬ್ಬರದ ನೀರು 0.8ರಿಂದ ಶುರುಮಾಡಿ. ದರಗಿನಲ್ಲಿ ತನ್ನದೇ ಸತ್ವ ಇರುತ್ತದೆ, ನಾವು ಮರೆತರೂ ಗಿಡ ಬದುಕಿಕೊಳ್ಳುತ್ತದೆ. ಈ ಪುಡಿಯಲ್ಲಿ ಏನೂ ಇಲ್ಲ. ನಾವು ಕೊಟ್ಟಷ್ಟೇ. ಅದಕ್ಕೇ ಸುರಿದದ್ದನ್ನೂ ಅಳೆಯಬೇಕು, ಕುಂಡದಡಿ ಇಳಿದದ್ದನ್ನೂ ಅಳೆಯಬೇಕು.

ನೀವು ಕೇಳಿದ್ದಕ್ಕೆ: ನಿಮಗೆ ಮತ್ತೆ ಬರದಿರಬಹುದು. ಆ ಮನೆಯಲ್ಲಿ ನೀವೊಬ್ಬರೇ ಇರುವುದಲ್ಲ.

ಇಂತು,
ಪ್ರಮೀಳಾ

*

ಕ್ಯಾಸನೂರು
24 ಆಗಸ್ಟ್ 1997

ಪ್ರಮೀಳಾ,

ಮೀಟರ್ ತಲುಪಿತು. ಕಂಡಕ್ಟರ್ ಅದನ್ನು ಜ್ವರ ನೋಡುವುದು ಎಂದುಕೊಂಡು ಬಹಳ ಜೋಪಾನವಾಗಿ ತಂದುಕೊಟ್ಟ.

ನಮ್ಮ ಬಾವಿ ನೀರು 0.1. ಪುಡಿಯಿಂದ ಮೊದಲು ಇಳಿದ ನೀರು ಕಾಸಿದ ಚಹಾದ ಬಣ್ಣ, ಮೀಟರ್ 2.6 ತೋರಿಸಿತು. ನನಗೆ ನಂಬಿಕೆ ಬರದೆ ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪೇ. ನಾನೂ ಲೋಕಪ್ಪನೂ ಕೊಡ ಹೊತ್ತು ಹೊತ್ತು ಸಾಕಾದೆವು. ಕೊನೆಗೆ 0.3ಕ್ಕೆ ಬಂದು ನಿಂತಿತು. ಕ್ಯಾಲ್ಸಿಯಂ ನೀರಿನಲ್ಲಿ ನೆನೆಸಿ ತೊಳೆದದ್ದೂ ಆಯಿತು. ನೆರಳು ಬಲೆಯ ಬಲಗಡೆಯ ಸಾಲುಗಳೆಲ್ಲ ಈಗ ನಾರಿನ ಪುಡಿ, ಎಡಗಡೆಯವು ದರಗು.

ಗಿಡ ಕೊಳ್ಳಲು ಬಂದ ಹೊಸಬಾಳೆಯ ಮೇಷ್ಟ್ರು ಒಬ್ಬರು ಬಲಗಡೆಯ ಕುಂಡಕ್ಕೆ ಬೆರಳು ಹಾಕಿ ನೋಡಿ, “ಮಣ್ಣಿಲ್ದೇ ನೆಟ್ಟೀರಲ್ರೀ” ಎಂದು ನಕ್ಕು ಎಡಗಡೆಯದನ್ನೇ ಕೊಂಡುಹೋದರು. ಇರಲಿ.

ಗೊಬ್ಬರ 0.8ಕ್ಕೆ ಕಲಸುತ್ತಿದ್ದೇನೆ. ಇಳಿದದ್ದು 0.8, ಒಮ್ಮೊಮ್ಮೆ 0.9. ಹೀಗೆಯೇ ಬರಬೇಕಲ್ಲವೇ?

ನಿನ್ನ ಪತ್ರದ ಕೊನೆಯ ಸಾಲು ಓದಿದೆ. ದಿನ ಹತ್ತಿರ ಬಂದಾಗ ಮಾವನ ಕೈಲಿ ಹೇಳಿಕಳಿಸು, ಆ ದಿನವೇ ಹೊರಟು ಬರುತ್ತೇನೆ.

ಯತೀಶ

*

ಕ್ಯಾಸನೂರು
2 ನವೆಂಬರ್ 1997

ಪ್ರಮೀಳಾ,

ಆಸ್ಪತ್ರೆಯಲ್ಲಿ ಅಷ್ಟು ಜನರ ನಡುವೆ ನಿನ್ನ ಹತ್ತಿರ ಸರಿಯಾಗಿ ಮಾತಾಡಲೂ ಆಗಲಿಲ್ಲ. ಮಗಳು ನನ್ನ ಕಿರುಬೆರಳು ಹಿಡಿದುಕೊಂಡದ್ದನ್ನು ಇಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದೇನೆ. ಎಲ್ಲ ಮಕ್ಕಳೂ ಹಿಡಿಯುತ್ತವೆ ಎನ್ನುತ್ತಾನೆ ಲೋಕಪ್ಪ.

ಮಾವ ಊರಿಗೆಲ್ಲ ಸಕ್ಕರೆ ಹಂಚಲು ಬಂದವರು ಒಂದು ರಾತ್ರಿ ಉಳಿದುಕೊಂಡು ಹೋದದ್ದು ಸಂತೋಷವಾಯಿತು. ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಗಿಡಗಳ ನಡುವೆ ಓಡಾಡುತ್ತಿದ್ದರು.

ಈಗ ಒಂದು ಚಿಂತೆ. ಬಲಗಡೆಯ ಮೊದಲನೇ ಸಾಲಿನ ಗಿಡಗಳ ಎಲೆಯ ತುದಿ ಸುಟ್ಟ ಹಾಗೆ ಕಂದಾಗಿದೆ. ಬೇರು ಬಿಡಿಸಿ ನೋಡಿದರೆ ಅದರ ತುದಿಯೂ ಕಂದು. ಎಲ್ಲ ಸಾಲಿಗೂ ಒಂದೇ ನೀರು, 0.8. ಆದರೆ ಆ ಸಾಲಿನಲ್ಲಿ ಇಳಿದ ನೀರು 3.1. ಪಕ್ಕದ ಸಾಲಿನಲ್ಲಿ 0.9. ತುದಿ ತೊಳೆದು ಮತ್ತೆ ಮತ್ತೆ ಅಳೆದೆ, ಅದೇ ಬರುತ್ತದೆ. ಪುಡಿಯಲ್ಲಿ ಉಪ್ಪು ಉಳಿದಿತ್ತು ಎನ್ನೋಣವೆಂದರೆ ಇಷ್ಟು ದಿನ ಯಾಕೆ ತೋರಿಸಲಿಲ್ಲ? ಗಂಗಾಶ್ರೀಯವರನ್ನು ಕೇಳಿ ಬೇಗ ಬರೆ. ಆ ಸಾಲಿನ ಗಿಡಗಳೇ ಮೊದಲು ಹೂ ಬಿಡಬೇಕಿದ್ದವು.

ಯತೀಶ

*

ಶಿರಾಳಕೊಪ್ಪ
9 ನವೆಂಬರ್ 1997

ನಮಸ್ಕಾರ.

ಗಂಗಾಶ್ರೀಯನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ನಿಮ್ಮ ಪತ್ರವನ್ನು ಜಗುಲಿಯಲ್ಲಿ ಕೂತು ಅವ್ವನಿಗೆ ಓದಿ ಹೇಳುತ್ತಿದ್ದೆ. ಅಪ್ಪ ಅಲ್ಲೇ ಕಂಬಳಿ ಹಾಸಿಕೊಂಡು ಎಲೆ ಅಡಿಕೆ ಹಾಕುತ್ತಿದ್ದರು. ಮೊದಲನೇ ಸಾಲು ಎಂದು ಓದುತ್ತಿದ್ದ ಹಾಗೆ ಅವರು ಬಾಯಾಡಿಸುವುದು ನಿಂತಿತು.

“ಅಪ್ಪಾ, ನೀವೇನಾರ ಮಾಡಿದ್ರಾ?” ಎಂದೆ.

“ಏನ್ ಮಾಡ್ಲವ್ವ? ಬರೇ ನಾರಿನಾಗ ಇಟ್ಟಾನ ಗಿಡಾನ. ನೋಡಿ ಹೊಟ್ಟಿ ಉರೀತು. ಮಮ್ಮಗಳಿಗೆ ಅಂತ ಸಕ್ರಿ ತಗೊಂಡು ಹೋದಾಗ, ಅಳಿಯಗೂ ಏನಾರ ಇರ್ಲಿ ಅಂತ ಒಂದು ಚೀಲದಾಗ ಕುರಿ ಹಿಕ್ಕಿ ಪುಡಿ ಮಾಡಿ ಒಯ್ದಿದ್ದೆ. ಒಂದೊಂದು ಹಿಡಿ ಹಾಕೀನಿ, ಅಷ್ಟ.”

“ಹೇಳಿ ಹಾಕ್ಬೇಕಿತ್ತಲ್ಲಪ್ಪ.”

“ಹೇಳಿದ್ರ ಬ್ಯಾಡ ಅಂತಿದ್ದ. ಚೀಲ ಅರ್ಧ ಉಳದೈತಿ ಅಲ್ಲೇ, ಬಾವಿ ಕಟ್ಟಿ ಹಿಂದ.”

ಅವ್ವ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ಅಪ್ಪ ಎದ್ದು ಕುರಿ ಹಟ್ಟಿಗೆ ಹೋದವರು ಊಟಕ್ಕೆ ಕರೆಯುವವರೆಗೂ ಬರಲಿಲ್ಲ. ಇಲ್ಲಿಯ ಹೊಲಗಳಿಗೆಲ್ಲ ಅವರ ಕುರಿ ಗೊಬ್ಬರ ಬೇಕೇ ಬೇಕು. ಅವರು ಕೊಟ್ಟದ್ದರಿಂದ ಒಂದು ಗಿಡ ಸುಟ್ಟಿತು ಎಂಬುದನ್ನು ಕೇಳಿದ್ದು ಇದೇ ಮೊದಲಿರಬೇಕು. ನೀವು ಅವರ ಹತ್ತಿರ ಇದರ ಮಾತೆತ್ತಬೇಡಿ.

ಮೇಲಿನ ಹಿಕ್ಕೆಯನ್ನು ಕೆರೆದು ತೆಗೆದು, ಬರೀ ಬಾವಿ ನೀರನ್ನು ಕುಂಡದ ತುಂಬ ಮೂರು ನಾಲ್ಕು ಸಲ ಬಿಡಿ. ಇಳಿದದ್ದು 1ರ ಕೆಳಗೆ ಬಂದ ಮೇಲೆ ಮತ್ತೆ ಎಂದಿನಂತೆ ಗೊಬ್ಬರ. ಬೇರು ಕಂದಾದ ಗಿಡಗಳು ಒಂದಷ್ಟು ಹೋಗಬಹುದು. ಉಳಿದವು ಚೇತರಿಸಿಕೊಳ್ಳುತ್ತವೆ.

ಮಗು ರಾತ್ರಿ ಎಚ್ಚರವಿದ್ದು ಹಗಲು ಮಲಗುತ್ತದೆ.

ಪ್ರಮೀಳಾ

*

ಕ್ಯಾಸನೂರು
18 ಜನವರಿ 1998

ಪ್ರಮೀಳಾ,

ಸಂಕ್ರಾಂತಿಗೆ ಬರಲಾಗಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡ. ಬಂದಿದ್ದರೂ ನನ್ನ ಮುಖ ನೋಡಿ ನಿನಗೆ ಬೇಸರವೇ ಆಗುತ್ತಿತ್ತು.

ನಾರಿನ ಪುಡಿಯ ಗಿಡಗಳು ಸೋಲುತ್ತಿವೆ. ಸುಟ್ಟ ಸಾಲಲ್ಲ, ಎಲ್ಲ ಸಾಲುಗಳೂ. ಹಳೆಯ ಎಲೆಗಳಲ್ಲಿ ನರ ಮಾತ್ರ ಹಸಿರು, ನಡುವೆ ಹಳದಿ. ಹೊಸ ಎಲೆ ಅಂಗೈಯಷ್ಟೂ ಆಗುತ್ತಿಲ್ಲ. ಶಿವಮೊಗ್ಗದ ಹೂವಿನಂಗಡಿಗೆ ಕಳಿಸಿದ್ದನ್ನು ಪರಮಶಿವಪ್ಪನವರು ಅರ್ಧಕ್ಕರ್ಧ ವಾಪಸ್ ಕಳಿಸಿದರು. ಕೇಳಲು ಹೋದರೆ, “ಹೂವು ಸಣ್ಣ ಆಗ್ಯಾವ್ರೀ, ಮದ್ವೆ ಮಂಟಪಕ್ಕೆ ಇವನ್ನ ಹೆಂಗ್ ಕಟ್ಲಿ? ಹೋದ್ ವರ್ಷದಂಥವೇ ತರ್ರಿ” ಎಂದರು. ಹೋದ ವರ್ಷದಂಥವು ಎಡಗಡೆ ಇವೆ. ದರಗಿನವು. ಅವನ್ನು ನೋಡಿದರೆ ಯಾರೂ ಇವೆರಡೂ ಒಂದೇ ತೋಟದವು ಎನ್ನಲಾರರು.

ಹಳೆಯ ದರಗು ಮುಗಿದಿದೆ. ಕಾಡಿನಲ್ಲಿ ಈಗ ಎಲೆ ಉದುರಿ ಮೊಣಕಾಲೆತ್ತರ ಬಿದ್ದಿದೆ. ಗೋಣಿಚೀಲ ಒಗೆದು ಒಣಗಿಸಿ ಇಟ್ಟಿದ್ದೇನೆ. ಈ ಮಂಗಳವಾರ ಬಿಟ್ಟು ಮುಂದಿನ ಮಂಗಳವಾರ ಲೋಕಪ್ಪನನ್ನು ಕರೆದುಕೊಂಡು ಹೋಗುತ್ತೇನೆ. ಅವನು ಕಾಯಿಲೆ ಬರದ ಹಾಗೆ ಸೂಜಿ ಹಾಕಿಸಿಕೊಂಡಿದ್ದಾನೆ. ಮೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತೇವೆ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡುತ್ತೇವೆ. ಬಟ್ಟೆ ಕುದಿಸುತ್ತೇವೆ.

ನಿನಗೆ ಹೇಳದೆ ಮಾಡಬಾರದು ಎಂದು ಬರೆದೆ.

ಬಾಣಂತನದ ಮೂರು ತಿಂಗಳು ಮುಗಿಯಿತು. ಯಾವಾಗ ಬರುತ್ತೀಯ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ.

ಸುರಿದದ್ದು 0.5, ಇಳಿದದ್ದು 0.2. ಬರೆಯಬೇಕೆಂದು ಬರೆದೆ.

ಯತೀಶ

*

ಶಿರಾಳಕೊಪ್ಪ
22 ಜನವರಿ 1998

ನಮಸ್ಕಾರ.

0.5 ಎಂದು ಬರೆದಿದ್ದೀರಿ. ನವೆಂಬರಿನಲ್ಲಿ 0.8 ಇತ್ತು. ಯಾವಾಗ ಇಳಿಸಿದಿರಿ? ಆ ಸಾಲು ಸುಟ್ಟ ಮೇಲೆ ಹೆದರಿ ಇಳಿಸಿರಬೇಕು. ನಾನಾಗಿದ್ದರೂ ಇಳಿಸುತ್ತಿದ್ದೆ.

ಈಗ ಅಂಕಿ ನೋಡಿ. ನೀವು ಐದು ಕೊಟ್ಟರೆ ಎರಡು ಕೆಳಗೆ ಬರುತ್ತಿದೆ. ಅಂದರೆ ಗಿಡ ಸಿಕ್ಕಿದ್ದನ್ನೆಲ್ಲ ತಿಂದು ಇನ್ನೂ ಕೇಳುತ್ತಿದೆ. ಪುಡಿ ಕೆಟ್ಟಿಲ್ಲ, ಗಿಡ ಹಸಿದಿದೆ. ಒಂದು ವಾರ 0.8 ಕೊಡಿ. ಆಮೇಲೆ 1.0. ಗಿಡ ದೊಡ್ಡದಾಗಿದೆ, ಈಗ ಅಷ್ಟು ಬೇಕು. ಹಳೆ ಎಲೆಯ ನರದ ನಡುವಿನ ಹಳದಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡಬೇಕು ಎಂದು ಗಂಗಾಶ್ರೀ ಹೇಳಿದಳು. ಅದನ್ನೂ ಸೇರಿಸಿಯೇ ಅಳೆಯಿರಿ. ಇಳಿದ ನೀರು ಸುರಿದದ್ದರ ಸಮಕ್ಕೆ, ಅಥವಾ ಅದಕ್ಕಿಂತ ಚೂರು ಮೇಲೆ ಬಂದರೆ ಸರಿ. ಬಹಳ ಮೇಲೆ ಹೋದರೆ ಮಾತ್ರ ಬರೀ ನೀರು ಬಿಡಿ. ಶುರುಮಾಡುವ ಮೊದಲು ಬಾವಿ ನೀರನ್ನೊಮ್ಮೆ ಅದ್ದಿ ನೋಡಿ, ಮೀಟರ್ ಸರಿಯಿದೆಯೇ ಎಂದು ಗೊತ್ತಾಗುತ್ತದೆ.

ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ನೋಡಿ.

ಗೋಣಿಚೀಲದ ವಿಷಯ ಓದಿದೆ. ಅದಕ್ಕೆ ನಾನು ಏನೂ ಬರೆಯುವುದಿಲ್ಲ.

ಪ್ರಮೀಳಾ

*

ಕ್ಯಾಸನೂರು
16 ಫೆಬ್ರವರಿ 1998

ಪ್ರಮೀಳಾ,

ನಿನ್ನ ಪತ್ರ ಬಂದದ್ದು ನಾವು ಹೊರಟ ಮಂಗಳವಾರವೇ. ಲೋಕಪ್ಪ ಕತ್ತಿ ಹಿಡಿದು ಅಂಗಳದಲ್ಲಿ ನಿಂತಿದ್ದ. ನಾನು ಅಲ್ಲೇ ನಿಂತು ಓದಿದೆ.

“ಎಂತ ಬರ್ದಿದಾರೆ?” ಎಂದ.

“ಬಾವಿ ನೀರು ಅಳೀಬೇಕಂತೆ.”

“ಕಾಡಿಗೆ ಹೋಗೂದಕ್ಕೆ?”

“ಅದಕ್ಕೆ ಎಂತದೂ ಬರಿಯೂದಿಲ್ಲ ಅಂತ ಬರ್ದಿದಾಳೆ.”

ಅವನು ಕತ್ತಿಯನ್ನು ಜಗುಲಿಯ ಮೇಲಿಟ್ಟ. “ಹಂಗಾರೆ ಹೋಗೂದು ಬ್ಯಾಡ ಅಣ್ಣ” ಎಂದ. ನೀನು ಬೈದು ಬರೆದಿದ್ದರೆ ನಾನು ಹೋಗಿಯೇ ಬಿಡುತ್ತಿದ್ದೆನೋ ಏನೋ. ಇಬ್ಬರೂ ಹೋಗಿ ಬಾವಿ ನೀರು ಅಳೆದೆವು. 0.1.

ನೀನು ಹೇಳಿದ್ದು ನಿಜ. ಆ ಸಾಲು ಸುಟ್ಟ ಮೇಲೆ ಗೊಬ್ಬರದ ಚಮಚ ಕೈಗೆತ್ತಿಕೊಂಡರೆ ಸಾಕು, ಕಂದಾದ ಬೇರೇ ಕಣ್ಣೆದುರು ಬರುತ್ತಿತ್ತು. ಈಗ 1.0 ಸುರಿಯುತ್ತಿದ್ದೇನೆ, 1.1 ಇಳಿಯುತ್ತಿದೆ. ಮೊದಲ ಎರಡು ವಾರ ಏನೂ ಕಾಣಲಿಲ್ಲ. ಮೂರನೆಯ ವಾರ ನಡುಸಾಲಿನಲ್ಲಿ ಒಂದು ಎಲೆ ಬಿಚ್ಚಿತು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಈಗ ಒಂದೊಂದೇ ಸಾಲು ಹಾಗೆಯೇ ಬರುತ್ತಿದೆ. ಹೂವು ಇನ್ನೂ ಪರಮಶಿವಪ್ಪನವರು ಹೇಳಿದಷ್ಟು ದೊಡ್ಡದಾಗಿಲ್ಲ, ಆಗುತ್ತದೆ.

ಎಡಗಡೆಯ ಕುಂಡಗಳನ್ನೂ ಬಿಡಿಸಿ ನಾರಿನ ಪುಡಿಗೆ ಹಾಕಿದೆ. ಅವುಗಳಿಂದ ತೆಗೆದ ದರಗನ್ನೆಲ್ಲ ದೂರದ ಗುಂಡಿಗೆ ಹಾಕಿ ಸುಟ್ಟದ್ದಾಯಿತು. ಇದನ್ನು ನೀನು ಕೇಳಿರಲಿಲ್ಲ, ಅರ್ಧಕ್ಕಷ್ಟೇ ಮಾತಾಗಿತ್ತು. ಎರಡು ಬಗೆಯಾಗಿ ನೋಡಿಕೊಳ್ಳುವುದು ನನಗೇ ಕಷ್ಟವಾಗುತ್ತಿತ್ತು.

ಈಗಲಾದರೂ ಬರುತ್ತೀಯಾ? ಶಿವರಾತ್ರಿ ಕಳೆದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ.

ಯತೀಶ

*

ಶಿರಾಳಕೊಪ್ಪ
27 ಫೆಬ್ರವರಿ 1998

ನಮಸ್ಕಾರ.

ಬರುತ್ತೇನೆ. ಮಾರ್ಚ್ ಹದಿನೈದು ಭಾನುವಾರ, ಅಂದು ಬನ್ನಿ. ಯುಗಾದಿಯನ್ನು ನಮ್ಮ ಮನೆಯಲ್ಲೇ ಮಾಡೋಣ.

ಅವ್ವ ಆಗಲೇ ಕೊಬ್ಬರಿ, ಬೆಲ್ಲ, ಮಗುವಿನ ಬಟ್ಟೆ ಎಂದು ಕಟ್ಟಲು ಶುರುಮಾಡಿದ್ದಾಳೆ. ಅಪ್ಪ ಎಳೆಯ ಕುರಿಯ ಉಣ್ಣೆಯಲ್ಲಿ ಸಣ್ಣ ಕಂಬಳಿ ನೇಯಿಸಿದ್ದಾರೆ. “ಅಲ್ಲಿ ಥಂಡಿ ಜಾಸ್ತಿ” ಎಂದು ಮೂರು ಸಲ ಹೇಳಿದರು. ಅವರ ಮನಸ್ಸಿನಲ್ಲಿದ್ದದ್ದು ಥಂಡಿಯಲ್ಲ ಅನ್ನಿಸುತ್ತದೆ. ಹೋದ ಬೇಸಿಗೆ ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಾಗಿಲ ಹೊರಗೆ ನನ್ನ ಜೊತೆ ಕೂತಿದ್ದವರು ಅವರೇ.

ಗಂಗಾಶ್ರೀ ಮೀಟರನ್ನು ವಾಪಸ್ ಕೇಳುತ್ತಿಲ್ಲ, ನಿಮ್ಮ ಹತ್ತಿರವೇ ಇರಲಿ ಎಂದಳು.

ಎಡಗಡೆಯದನ್ನೂ ಬಿಡಿಸಿದ್ದೀರಿ ಎಂಬುದನ್ನು ಎರಡು ಸಲ ಓದಿದೆ.

ನಿಮ್ಮ
ಪ್ರಮೀಳಾ

*

ಕ್ಯಾಸನೂರು
9 ಮಾರ್ಚ್ 1998

ಪ್ರಮೀಳಾ,

ಈ ಪತ್ರ ಭಾನುವಾರಕ್ಕೆ ಮೊದಲು ನಿನ್ನ ಕೈ ಸೇರಲೆಂದು ಸೊರಬಕ್ಕೇ ಹೋಗಿ ಡಬ್ಬಿಗೆ ಹಾಕುತ್ತಿದ್ದೇನೆ.

ಈಗ ಬರಬೇಡ.

ನಿನ್ನೆ ಬೆಳಿಗ್ಗೆ ನಮ್ಮ ಬೇಲಿಯಾಚೆ ಹಳ್ಳದ ಪಕ್ಕ ಒಂದು ಮಂಗ ಸತ್ತು ಬಿದ್ದಿತ್ತು. ದೂರದಿಂದ ನೋಡಿ ಆರೋಗ್ಯ ಕೇಂದ್ರಕ್ಕೆ ಹೇಳಿಕಳಿಸಿದೆ. ಅವರು ಬಂದು ತೆಗೆದುಕೊಂಡು ಹೋಗಿ, ಸುತ್ತ ಉಣುಗು ಸಾಯುವ ಔಷಧಿ ಪುಡಿ ಸಿಂಪಡಿಸಿದರು. ಯಾವುದರಿಂದ ಸತ್ತಿತೆಂದು ಇನ್ನೂ ತಿಳಿದಿಲ್ಲ. ತಿಳಿಯುವವರೆಗೆ ಕಾಯುವುದು ನನಗೆ ಬೇಕಿಲ್ಲ.

ನಮ್ಮ ಅಂಗಳದಲ್ಲಿ ಈಗ ಕಾಡಿನ ಒಂದು ಎಲೆಯೂ ಇಲ್ಲ. ಬಾ ಎಂದು ಬರೆದಾಗ ಅಷ್ಟಾದರೆ ಸಾಕು ಎಂದುಕೊಂಡಿದ್ದೆ. ಆದರೆ ಲೋಕಪ್ಪನ ಹಸು ದಿನಾ ಆ ಕಡೆಯೇ ಮೇದು ಬರುತ್ತದೆ. ನಿನ್ನೆ ಸಂಜೆ ಅದರ ಕಿವಿಯ ಸಂದಿಯಲ್ಲಿ ಉಣುಗು ನೋಡಿದೆ. ರಕ್ತ ಕುಡಿದು ಊದಿಕೊಂಡಿದ್ದವು. ಅದೇ ಹಸು ನಮ್ಮ ಬಾಗಿಲಿಗೂ ಬಂದು ಅಕ್ಕಚ್ಚು ಕುಡಿದು ಹೋಗುತ್ತದೆ. ಇನ್ನು ಒಂದೆರಡು ತಿಂಗಳಲ್ಲಿ ಮಗಳು ಅಂಬೆಗಾಲಿಡುತ್ತಾಳೆ.

ನನಗೆ ಮತ್ತೆ ಬರುವುದಿಲ್ಲ ಎಂದು ನಿನ್ನ ಹತ್ತಿರ ಎಷ್ಟು ಸಲ ವಾದ ಮಾಡಿದ್ದೆ. ನನ್ನ ಜ್ವರ ಹೇಗಿತ್ತೆಂದು ನನಗೆ ಸರಿಯಾಗಿ ನೆನಪೂ ಇಲ್ಲ. ನೋಡಿದವಳು ನೀನು.

ಮಳೆ ಹಿಡಿದು ಕಾಡು ನೆನೆಯಲಿ. ಆರೋಗ್ಯ ಕೇಂದ್ರದವರು ಈ ಸಲದ ಕಾಯಿಲೆ ನಿಂತಿತು ಎನ್ನಲಿ. ಆಮೇಲೆ ಬಂದರಾಯಿತು. ಯಾರು ಏನೇ ಕೇಳಿದರೂ ನಾನು ಉತ್ತರ ಹೇಳಿಕೊಳ್ಳುತ್ತೇನೆ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು.

ಯತೀಶ

*

ಶಿರಾಳಕೊಪ್ಪ
14 ಮಾರ್ಚ್ 1998

ರೀ,

ಪತ್ರ ಇವತ್ತು ಮಧ್ಯಾಹ್ನ ಬಂತು. ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಾಗಿತ್ತು. ಓದಿ ಅದರ ಮೇಲೇ ಕೂತುಬಿಟ್ಟೆ.

ಅವ್ವ ಗಾಬರಿಯಾಗಿ, “ಏನಂತವ್ವ? ಅಳಿಯ ಅರಾಮ ಅದಾನಿಲ್ಲೋ?” ಎಂದಳು.

“ಅದಾರವ್ವ. ಬರಬ್ಯಾಡ ಅಂತ ಬರ್ದಾರ” ಎಂದು ಮಂಗದ ವಿಷಯ ಹೇಳಿದೆ.

ಅಪ್ಪ ಕೇಳಿಸಿಕೊಂಡು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. “ಶ್ಯಾಣ್ಯಾ ಅದಾನ” ಎಂದರು. ಅವರು ನಿಮ್ಮನ್ನು ಹೊಗಳಿದ್ದು ನಾನು ಕೇಳಿದ್ದು ಇದೇ ಮೊದಲು. ಆಮೇಲೆ ತಾವೇ ಗಂಟು ಎತ್ತಿ ಒಳಗಿಟ್ಟರು.

ಈಗ ಹೇಳುತ್ತೇನೆ. ಬರುತ್ತೇನೆ ಎಂದು ಬರೆದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ. ನೀವು ಬಾ ಎಂದಾಗಲೆಲ್ಲ ಸಂತೋಷವಾಗುತ್ತಿತ್ತು, ಜೊತೆಗೇ ಹೆದರಿಕೆಯೂ ಆಗುತ್ತಿತ್ತು. ಅಷ್ಟೆಲ್ಲ ಮಾಡಿದವರಿಗೆ ಮತ್ತೆ ಹೇಗೆ ಬರುವುದಿಲ್ಲ ಎನ್ನಲಿ ಎಂದು ಸುಮ್ಮನಿದ್ದೆ. ಇವತ್ತು ನಿಮ್ಮ ಪತ್ರ ಓದಿದ ಮೇಲೆ ಮಗುವಿನ ಪಕ್ಕ ಮಲಗಿ ಸಂಜೆಯವರೆಗೂ ನಿದ್ದೆ ಮಾಡಿದೆ.

ಮಳೆಯಾದ ಮೇಲೆ ಬರುತ್ತೇನೆ. ಅಲ್ಲಿಯವರೆಗೆ ಬಿಡುವಾದಾಗ ನೀವೇ ಬನ್ನಿ. ಹೊರಡುವ ಮೊದಲು ತಲೆಗೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟುಕೊಂಡು ಬನ್ನಿ. ಇಲ್ಲಿ ಬಂದ ಮೇಲೆ ಅಪ್ಪನ ಹತ್ತಿರ ಕುರಿ ಹಿಕ್ಕೆಯ ಮಾತು ಬಂದರೆ ನಗಬೇಡಿ.

ನಿಮ್ಮ
ಪ್ರಮೀಳಾ

*

ಕ್ಯಾಸನೂರು
21 ಜೂನ್ 1998

ಪ್ರಮೀಳಾ,

ಮಳೆ ಹಿಡಿದಿದೆ. ಊರಿನಲ್ಲಿ ಹೊಸದಾಗಿ ಯಾರಿಗೂ ಜ್ವರವಿಲ್ಲ. ಆರೋಗ್ಯ ಕೇಂದ್ರದವರನ್ನು ನಾನೇ ಹೋಗಿ ಕೇಳಿದೆ, ಇನ್ನು ಹೆದರಿಕೆಯಿಲ್ಲ ಎಂದರು. ಇನ್ನೊಬ್ಬರನ್ನೂ ಕೇಳಿದೆ, ಅವರೂ ಹಾಗೇ ಹೇಳಿದರು. ಮುಂದಿನ ಡಿಸೆಂಬರಿಗೆ ನೀವಿಬ್ಬರೂ ಮತ್ತೆ ಶಿರಾಳಕೊಪ್ಪಕ್ಕೆ ಹೋಗಿ ಮಳೆಗಾಲಕ್ಕೆ ಬಂದರೂ ಸರಿಯೇ. ಅದನ್ನು ಇಬ್ಬರೂ ಕೂತು ಮಾತಾಡೋಣ.

ಗಿಡ ಚೆನ್ನಾಗಿವೆ. ಮಳೆಗಾಲದಲ್ಲಿ ಬಿಸಿಲು ಕಡಿಮೆ, ಗಿಡ ಉಣ್ಣುವುದೂ ಕಡಿಮೆ. ಇಳಿದ ನೀರು ಮೇಲೇರುವುದನ್ನು ನೋಡಿ 0.8ಕ್ಕೆ ಇಳಿಸಿದ್ದೇನೆ. ಈ ಸಲ ಹೆದರಿ ಇಳಿಸಿದ್ದಲ್ಲ.

ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ.

ತೊಟ್ಟಿಲು ಕಟ್ಟಲು ಜಂತೆಗೆ ಕೊಕ್ಕೆ ಹಾಕಬೇಕಿತ್ತು. ನಡುಮನೆಯಲ್ಲೋ, ನಿನಗೆ ಅಡುಗೆ ಮಾಡುವಾಗ ಕಾಣುವ ಹಾಗೆ ಒಲೆಯ ಕೋಣೆಯಲ್ಲೋ ಎಂದು ಗೊತ್ತಾಗಲಿಲ್ಲ. ಎರಡು ಕಡೆಯೂ ಹಾಕಿದ್ದೇನೆ. ನೀನು ಬಂದು ನೋಡಿ ಹೇಳು.

ನಿನ್ನ
ಯತೀಶ